ಕಿತ್ತಳೆಯ ಶತ್ರುವಿನ ಗುರಾಣಿ

ಬ್ರೆಜಿಲ್ ದೇಶದ ಸಾವೊ ಪಾಲೊ ರಾಜ್ಯದಲ್ಲಿ ಕಿತ್ತಳೆ ತೋಟಗಳು ಕಣ್ಣು ಹಾಯುವಷ್ಟು ದೂರ ಹಬ್ಬಿವೆ. ಜಗತ್ತಿನಲ್ಲಿ ಮಾರಾಟವಾಗುವ ಕಿತ್ತಳೆ ರಸದ ಬಹುದೊಡ್ಡ ಪಾಲು ಅಲ್ಲಿಯದು. ಅದು ಕೊಡಗಿನ ಸಡಿಲ ಸಿಪ್ಪೆಯ ಕಿತ್ತಳೆಯಲ್ಲ. ಸಿಪ್ಪೆ ತೊಳೆಗೆ ಅಂಟಿಕೊಂಡೇ ಇರುವ ಸಿಹಿ ಕಿತ್ತಳೆ. ಮೂಸಂಬಿಯ ಜಾತಿಯೇ ಎನ್ನಬಹುದು.

1987ರಲ್ಲಿ ಈ ತೋಟಗಳಲ್ಲಿ ಹೊಸದೊಂದು ರೋಗ ಕಾಣಿಸಿಕೊಂಡಿತು. ಎಲೆಯ ಮೇಲೆ ಹಳದಿ ಚುಕ್ಕೆಗಳು, ಅವಕ್ಕೆ ನೇರವಾಗಿ ಎಲೆಯ ಅಡಿಯಲ್ಲಿ ಕಂದು ಕಲೆಗಳು. ಗಿಡ ಸಾಯುತ್ತಿರಲಿಲ್ಲ, ಆದರೆ ಸೊರಗುತ್ತಿತ್ತು. ಹಣ್ಣು ಬೆಳೆಯುವ ಮೊದಲೇ ಬಣ್ಣಕ್ಕೆ ತಿರುಗಿ, ಸಣ್ಣದಾಗಿ, ಕಲ್ಲಿನಂತೆ ಗಟ್ಟಿಯಾಗಿ ಉಳಿಯುತ್ತಿತ್ತು. ಅಂಥ ಹಣ್ಣನ್ನು ಕೊಳ್ಳುವವರು ಯಾರು? ರೈತರು ರೋಗಕ್ಕೆ ‘ಅಮರೆಲಿನ್ಯೊ’ ಎಂದು ಹೆಸರಿಟ್ಟರು. ಪೋರ್ಚುಗೀಸ್ ಭಾಷೆಯಲ್ಲಿ ಅದರ ಅರ್ಥ ‘ಪುಟ್ಟ ಹಳದಿ’. ಹೆಸರು ಮುದ್ದಾಗಿದೆ, ರೋಗ ಹಾಗಿರಲಿಲ್ಲ.

ಇದಕ್ಕೆ ಕಾರಣ ಕ್ಸೈಲೆಲ್ಲ ಫ್ಯಾಸ್ಟಿಡಿಯೋಸ ಎಂಬ ಬ್ಯಾಕ್ಟೀರಿಯ. ಬೇರು ಹೀರಿದ ನೀರನ್ನು ಎಲೆಗಳಿಗೆ ಒಯ್ಯುವ ನಾಳಗಳಿಗೆ ಕ್ಸೈಲಂ ಎನ್ನುತ್ತಾರೆಂದು ಹೈಸ್ಕೂಲಿನ ಪಾಠದಲ್ಲಿ ನೀವು ಓದಿದ್ದೀರಿ. ಈ ಜೀವಿಯ ವಾಸ ಆ ನಾಳದಲ್ಲೇ. ಅಲ್ಲಿ ಅಂಟಂಟಾದ ಪದರ ಕಟ್ಟಿಕೊಂಡು ಗುಂಪಾಗಿ ಬೆಳೆಯುತ್ತದೆ. ನಲ್ಲಿಯ ಪೈಪಿನಲ್ಲಿ ಪಾಚಿ ಕಟ್ಟಿದರೆ ಏನಾಗುತ್ತದೋ ಗಿಡದಲ್ಲೂ ಅದೇ ಆಗುತ್ತದೆ. ಗಿಡದಿಂದ ಗಿಡಕ್ಕೆ ಇದನ್ನು ಹೊತ್ತೊಯ್ಯುವುದು ಕ್ಸೈಲಂ ರಸ ಹೀರುವ ಜಿಗಿಹುಳುಗಳು. ಹೆಸರಿನ ಎರಡನೆಯ ಭಾಗಕ್ಕೆ ‘ತಕರಾರಿನ’ ಎಂಬ ಅರ್ಥವಿದೆ. ಊಟಕ್ಕೆ ಕೂತರೆ ನೂರೆಂಟು ಕೊಸರಾಟ ತೆಗೆಯುವ ಮಗುವಿನಂತೆ, ಪ್ರಯೋಗಾಲಯದಲ್ಲಿ ಏನು ಕೊಟ್ಟರೂ ಇದು ಬಲು ನಿಧಾನವಾಗಿ ಬೆಳೆಯುತ್ತದೆ. ಕ್ಯಾಲಿಫೋರ್ನಿಯದ ದ್ರಾಕ್ಷಿಗೆ ಬರುವ ರೋಗವೊಂದನ್ನು ನ್ಯೂಟನ್ ಪಿಯರ್ಸ್ ಎಂಬಾತ 1892ರಲ್ಲೇ ವರ್ಣಿಸಿದ್ದ. ಅದಕ್ಕೂ ಇದೇ ಕಾರಣವೆಂದು ತಿಳಿಯಲು, ಇದಕ್ಕೊಂದು ಹೆಸರು ಸಿಗಲು ಸುಮಾರು ನೂರು ವರ್ಷ ಹಿಡಿಯಿತು. ಹೆಸರು ಸಿಕ್ಕಿದ್ದೂ 1987ರಲ್ಲೇ.

ಸಾವೊ ಪಾಲೊದ ವಿಜ್ಞಾನಿಗಳು ಆಗ ಒಂದು ದಿಟ್ಟ ಕೆಲಸಕ್ಕೆ ಕೈಹಾಕಿದರು. ರಾಜ್ಯದ 30ಕ್ಕೂ ಹೆಚ್ಚು ಪ್ರಯೋಗಾಲಯಗಳು ಕೆಲಸ ಹಂಚಿಕೊಂಡು ಈ ಬ್ಯಾಕ್ಟೀರಿಯದ ಡಿಎನ್ಎಯನ್ನು ಅಕ್ಷರ ಬಿಡದೆ ಓದಿದವು. ಒಟ್ಟು ಸುಮಾರು 27 ಲಕ್ಷ ಅಕ್ಷರಗಳು. ಫಲಿತಾಂಶ 2000ದ ಜುಲೈ 13ರಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಿಡಕ್ಕೆ ರೋಗ ತರುವ ಬ್ಯಾಕ್ಟೀರಿಯವೊಂದರ ಪೂರ್ತಿ ಜೀನೋಮ್ ಓದಿದ್ದು ಜಗತ್ತಿನಲ್ಲಿ ಅದೇ ಮೊದಲು. ಅಮೆರಿಕ, ಯೂರೋಪುಗಳನ್ನು ಬಿಟ್ಟರೆ ಇಂಥ ಕೆಲಸ ಬೇರೆಡೆ ಆಗದು ಎಂದುಕೊಂಡಿದ್ದವರು ಸ್ವಲ್ಪ ಕಣ್ಣುಜ್ಜಿಕೊಳ್ಳಬೇಕಾಯಿತು.

ಆದರೆ ಜೀನುಗಳ ಪಟ್ಟಿ ಸಿಕ್ಕಿದರೆ ರೋಗ ಅರ್ಥವಾದಂತಲ್ಲ. ಊರಿನ ಮತದಾರರ ಪಟ್ಟಿ ಕೈಗೆ ಬಂದರೆ ಯಾರು ಏನು ಕೆಲಸ ಮಾಡುತ್ತಾರೆಂದು ತಿಳಿಯುತ್ತದೆಯೆ? ಸುಮಾರು 2,900 ಜೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಏನು ಮಾಡುತ್ತವೆಂಬುದು ಆಗ ಊಹೆಗೂ ಸಿಕ್ಕಿರಲಿಲ್ಲ. ಅದರಲ್ಲೂ ಒಂದು ಪ್ರಶ್ನೆ ಮುಖ್ಯವಾಗಿತ್ತು. ಗಿಡ ಸುಮ್ಮನೆ ಕೂತು ಶತ್ರುವನ್ನು ಸಹಿಸಿಕೊಳ್ಳುವುದಿಲ್ಲ, ತಿರುಗಿ ಹೊಡೆಯುತ್ತದೆ. ಹಾಗಿದ್ದೂ ಬ್ಯಾಕ್ಟೀರಿಯ ಬದುಕುವುದು ಹೇಗೆ?

ಗಿಡದ ಆಯುಧಗಳಲ್ಲಿ ಪೆರಾಕ್ಸೈಡ್‌ಗಳು ಮುಖ್ಯವಾದವು. ಗಾಯ ತೊಳೆಯಲು ಹೈಡ್ರೊಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುವುದನ್ನು ನೀವು ನೋಡಿರಬಹುದು. ರೋಗಾಣು ಒಳಹೊಕ್ಕ ಸುಳಿವು ಸಿಕ್ಕಿದೊಡನೆ ಗಿಡದ ಜೀವಕೋಶಗಳು ಅದೇ ರಾಸಾಯನಿಕವನ್ನು ಸುರಿಸುತ್ತವೆ. ಇದಕ್ಕಿಂತ ಕಪಟಿಯಾದ ಇನ್ನೊಂದು ಬಗೆಯಿದೆ. ಎಣ್ಣೆ ಡಬ್ಬ ಬಹಳ ದಿನ ತೆರೆದಿದ್ದರೆ ಕಮಟು ವಾಸನೆ ಬರುತ್ತದಲ್ಲ? ಎಣ್ಣೆಯಲ್ಲಿರುವ ಉದ್ದ ಸರಪಣಿಯ ಮೇದಾಮ್ಲಗಳು ಗಾಳಿಯ ಆಕ್ಸಿಜನ್ ಸೇರಿ ಮೊದಲು ಪೆರಾಕ್ಸೈಡ್‌ಗಳಾಗುತ್ತವೆ. ಆ ಪೆರಾಕ್ಸೈಡ್‌ಗಳು ಒಡೆದಾಗ ಕಮಟು ಹುಟ್ಟುತ್ತದೆ. ಗಿಡಗಳು ಇಂಥ ಎಣ್ಣೆಯ ಪೆರಾಕ್ಸೈಡ್‌ಗಳನ್ನು ಬೇಕೆಂದೇ ತಯಾರಿಸುತ್ತವೆ. ಅವು ಬ್ಯಾಕ್ಟೀರಿಯದ ಪೊರೆಗೆ ತಗುಲಿದರೆ ಪೊರೆಯೂ ಹಾಳು, ಒಳಗಿನ ಪ್ರೋಟೀನುಗಳೂ ಹಾಳು. ಇಂಥ ಸಂಕಟದ ಸ್ಥಿತಿಯನ್ನೇ ಜೀವವಿಜ್ಞಾನಿಗಳು ‘ಒತ್ತಡ’ ಎನ್ನುತ್ತಾರೆ. ಆಗ ಬ್ಯಾಕ್ಟೀರಿಯ ತಯಾರಿಸಿಕೊಳ್ಳುವ ರಕ್ಷಕ ಪ್ರೋಟೀನುಗಳಿಗೆ ಒತ್ತಡದ ಪ್ರೋಟೀನುಗಳೆಂದು ಹೆಸರು.

ಅಂಥದೊಂದು ಪ್ರೋಟೀನಿನ ಸುಳಿವು ಮೊದಲು ಸಿಕ್ಕಿದ್ದು ಬ್ರೆಜಿಲಿನಲ್ಲಲ್ಲ, ಥಾಯ್ಲೆಂಡಿನಲ್ಲಿ. 1998ರಲ್ಲಿ ಸ್ಕೋರ್ನ್ ಮೊಂಗ್‌ಕೋಲ್‌ಸುಕ್ ಅವರ ತಂಡ ಹುರುಳಿಕಾಯಿ ಗಿಡಕ್ಕೆ ರೋಗ ತರುವ ಕ್ಸಾಂಥೊಮೋನಸ್ ಎಂಬ ಬ್ಯಾಕ್ಟೀರಿಯದಲ್ಲಿ ಒಂದು ಜೀನನ್ನು ಗುರುತಿಸಿತು. (ಬಾಗಲಕೋಟೆ, ವಿಜಯಪುರ, ಕೊಪ್ಪಳಗಳ ದಾಳಿಂಬೆ ಬೆಳೆಗಾರರನ್ನು ಕಾಡಿದ ದುಂಡಾಣು ಅಂಗಮಾರಿ ರೋಗಕ್ಕೂ ಇದೇ ಕ್ಸಾಂಥೊಮೋನಸ್ ಕುಲದ ಜೀವಿಯೇ ಕಾರಣ.) ಆ ಜೀನನ್ನು ಕೆಡಿಸಿದರೆ ಬ್ಯಾಕ್ಟೀರಿಯ ಹೈಡ್ರೊಜನ್ ಪೆರಾಕ್ಸೈಡನ್ನು ತಾಳಿಕೊಳ್ಳುತ್ತಿತ್ತು, ಆದರೆ ಇಂಗಾಲದ ಸರಪಣಿಯಿರುವ ಪೆರಾಕ್ಸೈಡ್‌ಗಳಿಗೆ ಸೋಲುತ್ತಿತ್ತು. ಜೀನು ತಯಾರಿಸುವ ಪ್ರೋಟೀನಿಗೆ ಚುಟುಕಾಗಿ ಓ.ಎಚ್.ಆರ್. ಎಂದು ಹೆಸರಾಯಿತು. ಕ್ಸೈಲೆಲ್ಲದ ಜೀನೋಮ್‌ನಲ್ಲಿ ಹುಡುಕಿದರೆ ಅಲ್ಲೂ ಅದು ಇತ್ತು.

ಸಾವೊ ಪಾಲೊ ವಿಶ್ವವಿದ್ಯಾಲಯದ ಲೂಯಿಸ್ ನೆಟ್ಟೊ ಮತ್ತು ಸಂಗಡಿಗರು 2003ರಲ್ಲಿ ಇದರ ಕೆಲಸವನ್ನು ನೇರವಾಗಿ ತೋರಿಸಿದರು. ಇದೊಂದು ಕಿಣ್ವ, ಪೆರಾಕ್ಸೈಡನ್ನು ಹಿಡಿದು ಅದರ ವಿಷ ಇಳಿಸುತ್ತದೆ. ಗುರಾಣಿ ಎನ್ನುವುದಕ್ಕಿಂತ, ಬಿದ್ದ ಬಾಂಬುಗಳ ಬತ್ತಿ ಕಿತ್ತೆಸೆಯುವವನೆಂದರೆ ಹೆಚ್ಚು ಸರಿ. ಆದರೆ ಯಾವ ಬಾಂಬು? ಪ್ರಯೋಗಾಲಯದಲ್ಲಿ ಬಳಸುತ್ತಿದ್ದುದು ಸೀಸೆಯಲ್ಲಿ ಸಿಗುವ ಚಿಕ್ಕ, ಮೊಂಡಾದ ಕೃತಕ ಪೆರಾಕ್ಸೈಡ್. ಗಿಡದೊಳಗೆ ಕಿಣ್ವದ ನಿಜವಾದ ಎದುರಾಳಿ ಯಾರು? ಇದನ್ನು ತಿಳಿಯಲು ಕಿಣ್ವದ ಆಕಾರವನ್ನೇ ನೋಡಬೇಕಿತ್ತು.

ನೋಡುವುದು ಸುಲಭವಲ್ಲ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ 4,000ದಿಂದ 7,000 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಒಂದು ಕೋಟಿಯಲ್ಲಿ ಒಂದು ಪಾಲು. ಪ್ರೋಟೀನಿನಲ್ಲಿ ಪಕ್ಕಪಕ್ಕದ ಎರಡು ಇಂಗಾಲದ ಪರಮಾಣುಗಳ ನಡುವಿನ ಅಂತರ ಒಂದೂವರೆ ಆಂಗ್‌ಸ್ಟ್ರಾಮ್ ಮಾತ್ರ. ಅಲೆಯೇ ಅಷ್ಟು ದೊಡ್ಡದಾಗಿರುವಾಗ ಎಂಥ ಸೂಕ್ಷ್ಮದರ್ಶಕವಿದ್ದರೂ ಪರಮಾಣು ಕಾಣದು. ಕ್ಷ-ಕಿರಣದ ತರಂಗದೂರ ಸುಮಾರು ಒಂದು ಆಂಗ್‌ಸ್ಟ್ರಾಮ್; ಅಳತೆ ಸರಿಹೋಗುತ್ತದೆ. ಆದರೆ ಒಂದೇ ಅಣುವಿನಿಂದ ಚದುರುವ ಕ್ಷ-ಕಿರಣ ಲೆಕ್ಕಕ್ಕೆ ಸಿಗದಷ್ಟು ಕ್ಷೀಣ. ಕೋಟಿಗಟ್ಟಲೆ ಅಣುಗಳು ಕವಾಯತಿನ ಮಕ್ಕಳಂತೆ ಒಂದೇ ಭಂಗಿಯಲ್ಲಿ ಸಾಲಾಗಿ ನಿಂತರೆ ಮಾತ್ರ ಅವುಗಳ ಚದುರುವಿಕೆ ಒಟ್ಟುಗೂಡಿ ಗುರುತು ಮೂಡಿಸುತ್ತದೆ. ಹಾಗೆ ಸಾಲಾಗಿ ನಿಂತ ಅಣುಗಳ ಗುಂಪಿಗೇ ಹರಳು ಎನ್ನುವುದು.

ಮೈಲುತುತ್ತದ ಹರಳು ಬೆಳೆಸುವ ಪ್ರಯೋಗವನ್ನು ನಿಮ್ಮಲ್ಲಿ ಅನೇಕರು ಮಾಡಿದ್ದೀರಿ. ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಕರಗಿಸಿ, ದಾರ ಇಳಿಬಿಟ್ಟು, ಅಲುಗಾಡಿಸದೆ ಇಟ್ಟರೆ ನೀಲಿ ಹರಳು ಸಿದ್ಧ. ಆತುರಪಟ್ಟು ಬೇಗ ಆರಿಸಿದರೆ ತಳದಲ್ಲಿ ಪುಡಿ ಸಿಗುತ್ತದೆ, ಹರಳಲ್ಲ. ಕಲ್ಲುಸಕ್ಕರೆಯ ಕಥೆಯೂ ಇದೇ. ಪ್ರೋಟೀನಿಗೂ ನಿಯಮ ಇದೇ, ಕಷ್ಟ ಮಾತ್ರ ನೂರು ಪಟ್ಟು. ಪ್ರೋಟೀನಿನ ಅಣು ದೊಡ್ಡದು, ಮೆದು, ಅಂಕುಡೊಂಕು. ಬಿಸಿ ಮಾಡುವಂತಿಲ್ಲ, ಮಾಡಿದರೆ ಬೇಯಿಸಿದ ಮೊಟ್ಟೆಯ ಬಿಳಿಯ ಗತಿಯಾಗುತ್ತದೆ. ಕಿಣ್ವಗಳನ್ನು ಹರಳಾಗಿಸುವುದೇ ಅಸಾಧ್ಯವೆಂಬ ಭಾವನೆ ಬಹುಕಾಲ ಇತ್ತು. ಬಾಲ್ಯದ ಬೇಟೆಯೊಂದರಲ್ಲಿ ಎಡಗೈ ಕಳೆದುಕೊಂಡಿದ್ದ ಜೇಮ್ಸ್ ಸಮ್ನರ್ 1926ರಲ್ಲಿ ಒಂದು ಬಗೆಯ ಅವರೆಯಿಂದ ಯೂರಿಯೇಸ್ ಕಿಣ್ವದ ಹರಳು ತೆಗೆದು ಆ ಮಾತನ್ನು ಸುಳ್ಳು ಮಾಡಿದರು. ಹಾಗಿದ್ದೂ ಅವರನ್ನು ನಂಬಲು ಪಂಡಿತರಿಗೆ ವರ್ಷಗಳೇ ಬೇಕಾದವು.

ತಕರಾರಿನ ಕ್ಸೈಲೆಲ್ಲದಿಂದಲೇ ಸಾಕಷ್ಟು ಪ್ರೋಟೀನು ತೆಗೆಯಲು ಹೊರಟರೆ ಆಯುಷ್ಯ ಸಾಲದು. ಆದ್ದರಿಂದ ಅದರ ಜೀನನ್ನು ಚುರುಕಾಗಿ ಬೆಳೆಯುವ ಈ. ಕೊಲೈ ಬ್ಯಾಕ್ಟೀರಿಯಕ್ಕೆ ಸೇರಿಸಿ, ಅದರಿಂದ ಪ್ರೋಟೀನು ಮಾಡಿಸಿ, ಶುದ್ಧಗೊಳಿಸಿದರು. ಹರಳು ಕಟ್ಟಲು ಬಳಸಿದ್ದು ‘ತೂಗುಹನಿ’ಯ ವಿಧಾನ. ಪ್ರೋಟೀನಿನ ದ್ರಾವಣದ ಪುಟ್ಟ ಹನಿಯೊಂದನ್ನು ತೆಳುಗಾಜಿನ ಮೇಲಿಟ್ಟು, ಅದಕ್ಕೆ ನೀರೆಳೆಯುವ ವಸ್ತುವೊಂದರ ದ್ರಾವಣ ಸ್ವಲ್ಪ ಬೆರೆಸಿ, ಗಾಜನ್ನು ತಲೆಕೆಳಗು ಮಾಡಿ ಒಂದು ಪುಟ್ಟ ಬಟ್ಟಲಿನ ಬಾಯಿಗೆ ಗಾಳಿಯಾಡದಂತೆ ಮುಚ್ಚುತ್ತಾರೆ. ಬಟ್ಟಲಿನಲ್ಲಿ ಅದೇ ನೀರೆಳೆಯುವ ವಸ್ತುವಿನ ಗಟ್ಟಿ ದ್ರಾವಣವಿರುತ್ತದೆ. ಹನಿಯ ನೀರು ಆವಿಯಾಗಿ ಮೆಲ್ಲಮೆಲ್ಲನೆ ಬಟ್ಟಲಿಗೆ ಇಳಿಯುತ್ತದೆ. ಹನಿ ದಿನದಿನಕ್ಕೆ ಗಟ್ಟಿಯಾಗುತ್ತದೆ. ಅದೃಷ್ಟವಿದ್ದರೆ ಹರಳು, ಇಲ್ಲದಿದ್ದರೆ ಗಸಿ. ಸಾಮಾನ್ಯವಾಗಿ ಗಸಿಯೇ. ಆಮ್ಲತೆ, ಉಪ್ಪು, ಉಷ್ಣತೆಗಳನ್ನು ಒಂದಿಷ್ಟು ಬದಲಿಸುತ್ತ ನೂರಾರು ಬಟ್ಟಲುಗಳನ್ನು ಇಟ್ಟು ಕಾಯುವುದು ಈ ವಿದ್ಯೆಯ ನಿತ್ಯದ ಪಾಡು.

ಈ ಪ್ರೋಟೀನಿಗೆ ಒಗ್ಗಿದ ನೀರೆಳೆಯುವ ವಸ್ತು ಪಾಲಿಎಥಿಲೀನ್ ಗ್ಲೈಕಾಲ್. ಮುಲಾಮು, ಟೂತ್‌ಪೇಸ್ಟುಗಳಲ್ಲೂ ಇರುವ ಬಡಪಾಯಿ ರಾಸಾಯನಿಕ. ಎರಡು ಇಂಗಾಲ, ಒಂದು ಆಕ್ಸಿಜನ್, ಮತ್ತೆ ಎರಡು ಇಂಗಾಲ, ಒಂದು ಆಕ್ಸಿಜನ್ ಎಂದು ಪೋಣಿಸಿದ ಉದ್ದ ಸರಪಣಿ ಅದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹರಳು ಕಟ್ಟುವ ಮೊದಲು ಪ್ರೋಟೀನಿಗೆ ಪೆರಾಕ್ಸೈಡ್ ತಿನ್ನಿಸಿದ್ದರು. ಅಂದರೆ ಕೆಲಸ ಮಾಡಿದ ಮೇಲಿನ ಸ್ಥಿತಿಯಲ್ಲೇ ಕಿಣ್ವವನ್ನು ಸೆರೆಹಿಡಿದಂತಾಯಿತು. ಮಾರ್ಕೋಸ್ ಡಿ ಒಲಿವೇರ ಮತ್ತು ಸಂಗಡಿಗರು 2004ರಲ್ಲಿ ಈ ಹರಳಿನ ವಿವರ ಪ್ರಕಟಿಸಿದರು. ಷಟ್ಕೋನ ವರ್ಗದ ಹರಳು. ಅದರ ಇಟ್ಟಿಗೆ, ಅಂದರೆ ಮತ್ತೆ ಮತ್ತೆ ಮರುಕಳಿಸುವ ಘಟಕ, ಎರಡು ಬದಿಗೆ 87.66 ಆಂಗ್‌ಸ್ಟ್ರಾಮ್, ಎತ್ತರ 160.28 ಆಂಗ್‌ಸ್ಟ್ರಾಮ್. ಲೆಕ್ಕದಲ್ಲಿ ಆಸಕ್ತಿ ಇರುವವರು ಹಾಕಿ ನೋಡಬಹುದು: ಎಲ್ಲ ಬದಿಗೂ ಮಿಲಿಮೀಟರಿನ ಹತ್ತನೆಯ ಒಂದು ಭಾಗವಿರುವ ಹರಳಿನಲ್ಲಿ ಇಂಥ ಇಟ್ಟಿಗೆಗಳು ಸುಮಾರು ಒಂದು ಲಕ್ಷ ಕೋಟಿ!

ಮಾಹಿತಿ ಸಂಗ್ರಹಿಸಿದ್ದು ಸಿಂಕ್ರೊಟ್ರಾನ್‌ನ ಕ್ಷ-ಕಿರಣದಿಂದ. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ದೊಡ್ಡ ಉಂಗುರವೊಂದರಲ್ಲಿ ಸುತ್ತಿಸಿದರೆ ತಿರುವಿನಲ್ಲಿ ಪ್ರಖರ ಕಿರಣ ಚಿಮ್ಮುತ್ತದೆ. ಹರಳಿನ ಮೂಲಕ ಹಾಯ್ದ ಕಿರಣ ಸಾವಿರಾರು ಚುಕ್ಕೆಗಳ ರಂಗೋಲಿಯಾಗಿ ಬೀಳುತ್ತದೆ. ಆ ಚುಕ್ಕೆಗಳಿಂದ ಅಣುವಿನ ಚಿತ್ರ ಬಿಡಿಸಬೇಕು. ಇಲ್ಲೊಂದು ತೊಡಕಿದೆ. ಕೆರೆಯ ದಡದಲ್ಲಿ ನಿಂತವನಿಗೆ ಬಂದ ಅಲೆ ಎಷ್ಟು ಎತ್ತರವಿತ್ತೆಂದು ಗೊತ್ತು, ಅದರ ಉಬ್ಬು ಯಾವ ಗಳಿಗೆಯಲ್ಲಿ ದಡ ಮುಟ್ಟಿತೆಂದು ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಆಗ ಕಲ್ಲು ಎಲ್ಲಿ ಬಿತ್ತೆಂದು ಹೇಗೆ ಹೇಳುವುದು? ಚುಕ್ಕೆಯ ಪ್ರಖರತೆ ಅಲೆಯ ಎತ್ತರವನ್ನಷ್ಟೇ ಹೇಳುತ್ತದೆ, ಗಳಿಗೆಯನ್ನು ಹೇಳುವುದಿಲ್ಲ. ಪುಣ್ಯಕ್ಕೆ, ಬೇರೆ ಬ್ಯಾಕ್ಟೀರಿಯಗಳಲ್ಲಿನ ಇದರ ಸೋದರ ಪ್ರೋಟೀನಿನ ಆಕಾರ ಆಗಲೇ ತಿಳಿದಿತ್ತು. ಸೋದರನ ಚಿತ್ರವನ್ನು ಮೊದಲ ಊಹೆಯಾಗಿಟ್ಟುಕೊಂಡು, ಚುಕ್ಕೆಗಳಿಗೆ ಹೊಂದುವವರೆಗೆ ತಿದ್ದುತ್ತ ಹೋದರು. ಸಿಕ್ಕಿದ ಸ್ಪಷ್ಟತೆ 1.8 ಆಂಗ್‌ಸ್ಟ್ರಾಮ್. ಹೆಚ್ಚುಕಡಿಮೆ ಪರಮಾಣುಗಳನ್ನು ಬೆರಳಿಟ್ಟು ತೋರಿಸುವಷ್ಟು.

ಕಂಡದ್ದೇನು? ಒಂದನ್ನೊಂದು ತಬ್ಬಿ ನಿಂತ ಎರಡು ಒಂದೇ ತೆರನ ಸರಪಣಿಗಳು. ಅವು ಸೇರುವ ಸಂದಿನಲ್ಲಿ ಎರಡು ಸುರಂಗ. ಪ್ರತಿ ಸುರಂಗದೊಳಗೆ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಗಂಧಕದ ಪರಮಾಣು, ಸಾಲಿನಲ್ಲಿ 61ನೆಯದು. ಪೆರಾಕ್ಸೈಡಿನ ಮೇಲೆ ಎರಗುವುದು ಈ ಗಂಧಕವೇ. ಇಷ್ಟು ನಿರೀಕ್ಷಿತವಾಗಿತ್ತು. ನಿರೀಕ್ಷಿಸದೆ ಇದ್ದದ್ದೆಂದರೆ ಸುರಂಗದಲ್ಲಿ ಉದ್ದಕ್ಕೆ ಮಲಗಿದ್ದ ಒಂದು ಎಳೆ. ಅದು ಪ್ರೋಟೀನಿನ ಭಾಗವಾಗಿರಲಿಲ್ಲ. ಹಾಗಾದರೆ ಯಾವುದು? ಹರಳು ಕಟ್ಟಲು ಸುರಿದಿದ್ದ ಪಾಲಿಎಥಿಲೀನ್ ಗ್ಲೈಕಾಲಿನ ತುಣುಕು!

ಸಾಮಾನ್ಯವಾಗಿ ಇಂಥದನ್ನು ಕಸವೆಂದು ಬಿಡುತ್ತಾರೆ. ಪಾತ್ರೆಯಲ್ಲಿ ಸೋಪಿನ ನೊರೆ ಉಳಿದಂತೆ ಎಂದುಕೊಂಡು ಸುಮ್ಮನಾಗಬಹುದಿತ್ತು. ಈ ತಂಡ ಸುಮ್ಮನಾಗಲಿಲ್ಲ. ಬೇರೆಲ್ಲೂ ನಿಲ್ಲದೆ ಸರಿಯಾಗಿ ಈ ಸುರಂಗದಲ್ಲೇ ಬಂದು ಕೂತಿದೆಯಲ್ಲ, ಏಕೆ ಎಂದು ಕೇಳಿತು. ಉದ್ದವಾದ, ಬಳುಕುವ, ಇಂಗಾಲದ ಎಳೆಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು ಆ ಸುರಂಗ. ಗಿಡದಲ್ಲಿ ಅಂಥ ಎಳೆ ಯಾವುದು? ಕಮಟು ಎಣ್ಣೆಯ ಮಾತು ನೆನಪಿದೆಯಲ್ಲ, ಉದ್ದ ಸರಪಣಿಯ ಮೇದಾಮ್ಲದ ಪೆರಾಕ್ಸೈಡ್! ಗಣಕಯಂತ್ರದಲ್ಲಿ ಅದರ ಮಾದರಿಯನ್ನು ಕೂರಿಸಿ ನೋಡಿದರು, ಕೂತಿತು. ಪ್ರಯೋಗಾಲಯದಲ್ಲಿ ಕಿಣ್ವಕ್ಕೆ ಕೊಟ್ಟು ನೋಡಿದರು, ಫಲಿತಾಂಶವೂ ಅದಕ್ಕೆ ಹೊಂದಿತು. 2006ರಲ್ಲಿ ಪ್ರಕಟವಾದ ಈ ವಾದವನ್ನು ಮುಂದಿನ ಪ್ರಯೋಗಗಳು ಗಟ್ಟಿ ಮಾಡಿದವು. 2017ರ ಹೊತ್ತಿಗೆ ಈ ಕಿಣ್ವ ಮೇದಾಮ್ಲದ ಪೆರಾಕ್ಸೈಡುಗಳ ವಿಷ ಇಳಿಸುವುದು ಅತಿ ವೇಗದ ಕೆಲಸವೆಂದು ಅಳೆದು ತೋರಿಸಿದರು.

2006ರ ಲೇಖನದಲ್ಲಿ ಇನ್ನೊಂದು ಸೊಗಸಿದೆ. ಸೋದರ ಪ್ರೋಟೀನುಗಳಲ್ಲಿ ಒಂದು ಸೂಡೊಮೋನಸ್ ಎಂಬ ಬ್ಯಾಕ್ಟೀರಿಯದ್ದು, ಇನ್ನೊಂದು ವಿಕಿರಣಕ್ಕೂ ಜಗ್ಗದ ಡೈನೊಕಾಕಸ್‌ನದು. ಮೂರರ ಹರಳುಗಳಲ್ಲೂ ಆ ಗಂಧಕ ಬೇರೆ ಬೇರೆ ಸ್ಥಿತಿಯಲ್ಲಿ ಸಿಕ್ಕಿಬಿದ್ದಿತ್ತು. ಮೂರನ್ನೂ ಸಾಲಾಗಿ ಇಟ್ಟರೆ ಸಿನಿಮಾ ರೀಲಿನ ಚೌಕಗಳಂತೆ ಕಿಣ್ವದ ಕೆಲಸ ಕಣ್ಣಿಗೆ ಕಟ್ಟುತ್ತದೆ. ಗಂಧಕ ಪೆರಾಕ್ಸೈಡಿನಿಂದ ಒಂದು ಆಕ್ಸಿಜನ್ ಕಿತ್ತುಕೊಳ್ಳುತ್ತದೆ, ಆಮೇಲೆ ಅದೇ ಸರಪಣಿಯ ಇನ್ನೊಂದು ಸಿಸ್ಟೀನಿನ ಗಂಧಕದೊಡನೆ ಕೈಹಿಡಿಯುತ್ತದೆ. ಬೇರೊಂದು ಸಹಾಯಕ ಆ ಕೈ ಬಿಡಿಸಿದರೆ ಕಿಣ್ವ ಮತ್ತೆ ಸಿದ್ಧ. ಆ ಸಹಾಯಕ ಲಿಪೋಯಿಕ್ ಆಮ್ಲದ ಗುಂಪಿಗೆ ಸೇರಿದ್ದೆಂದು 2010ರಲ್ಲಿ ತಿಳಿಯಿತು. ಪೆರಾಕ್ಸೈಡ್ ಮಿತಿಮೀರಿ ಸುರಿದರೆ? ಗಂಧಕದ ಮೇಲೆ ಆಕ್ಸಿಜನ್ ಮೇಲಿಂದ ಮೇಲೆ ಹೇರಿ, ಹಿಂದಿರುಗದಂತೆ ಸುಟ್ಟುಹೋಗುತ್ತದೆ. ಗುರಾಣಿಗೂ ಒಂದು ಮಿತಿ ಇದೆ ಎಂದಾಯಿತು.

ಈ ಪ್ರೋಟೀನು ಗಿಡಗಳಲ್ಲಿಲ್ಲ, ಬೆನ್ನುಮೂಳೆಯಿರುವ ಪ್ರಾಣಿಗಳಲ್ಲೂ ಇಲ್ಲ. ಆದ್ದರಿಂದ ಆ ಸುರಂಗಕ್ಕೆ ಬೆಣೆ ಬಡಿಯುವ ವಸ್ತುವೊಂದು ಸಿಕ್ಕಿದರೆ ಗಿಡಕ್ಕೂ ಮನುಷ್ಯನಿಗೂ ತೊಂದರೆಯಾಗದೆ ಬ್ಯಾಕ್ಟೀರಿಯ ಮಾತ್ರ ನಿರಾಯುಧವಾದೀತು ಎಂಬುದು ಸಂಶೋಧಕರ ಆಸೆ. ಬೆಣೆಯ ಅಳತೆ ತಿಳಿದಿದೆ, ಅಷ್ಟರಮಟ್ಟಿಗೆ ದಾರಿ ಸವೆದಿದೆ. ಆದರೆ ಪೋಷಕರೂ ಓದುವ ಈ ಪುಟದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಸಾವೊ ಪಾಲೊದ ತೋಟಗಳಲ್ಲಿ ರೋಗವನ್ನು ಹಿಮ್ಮೆಟ್ಟಿಸಿದ್ದು ಈ ಹರಳಲ್ಲ. ಜಿಗಿಹುಳು ನುಸುಳದ ಬಲೆಮನೆಗಳಲ್ಲೇ ಸಸಿ ಬೆಳೆಸಬೇಕೆಂದು 2003ರಿಂದ ಕಡ್ಡಾಯ ಮಾಡಿದ್ದು, ರೋಗದ ಕೊಂಬೆ ಕಡಿದದ್ದು, ಹುಳುವಿನ ಹತೋಟಿ: ಇವು ಗಿಡ ಉಳಿಸಿದವು. ಜೀನೋಮ್ ಓದಿ ಹೆಸರು ಗಳಿಸಿದವರಿಗಿಂತ ಸಸಿಮನೆಯ ಬಲೆ ಹೆಚ್ಚು ಕಿತ್ತಳೆ ಕೊಟ್ಟಿತೆಂದು ಯಾರಾದರೂ ಹಂಗಿಸಿದರೆ ಉತ್ತರ ಹೇಳುವುದು ಕಷ್ಟ. ಬಲೆಗೂ ಮಿತಿಯಿದೆ ಎನ್ನಬಹುದಷ್ಟೆ. 2013ರಲ್ಲಿ ಇಟಲಿಯ ದಕ್ಷಿಣದ ಪುಲಿಯ ಪ್ರಾಂತ್ಯದಲ್ಲಿ ಇದೇ ಬ್ಯಾಕ್ಟೀರಿಯ ಆಲಿವ್ ಮರಗಳಲ್ಲಿ ಪತ್ತೆಯಾಯಿತು. ತಲೆತಲಾಂತರದಿಂದ ನಿಂತ, ಶತಮಾನಗಳ ವಯಸ್ಸಿನ ಮರಗಳು ಒಣಗಿದವು. ಅವನ್ನು ಬಲೆಯೊಳಗೆ ಇಡುವುದು ಹೇಗೆ? ಒಮ್ಮೆ ಒಳಹೊಕ್ಕ ಮೇಲೆ ಈ ಜೀವಿಯನ್ನು ಮರದಿಂದ ಹೊರಹಾಕುವ ಔಷಧಿ ಅಲ್ಲಿನ ರೈತರ ಕೈಯಲ್ಲಿರಲಿಲ್ಲ.

ಇಂಥ ಪ್ರೋಟೀನುಗಳ ಪ್ರತಿ ಪರಮಾಣುವಿನ ಸ್ಥಾನವನ್ನು 1971ರಲ್ಲಿ ಆರಂಭವಾದ ‘ಪ್ರೋಟೀನ್ ಡೇಟಾ ಬ್ಯಾಂಕ್’ ಎಂಬ ಭಂಡಾರದಲ್ಲಿ ಜಮಾ ಮಾಡುವುದು ರೂಢಿ. ಅದನ್ನು ನೋಡಲು ಶುಲ್ಕವಿಲ್ಲ, ಅಪ್ಪಣೆಯೂ ಬೇಕಿಲ್ಲ. ಕಂಪ್ಯೂಟರ್ ಇರುವ ಶಾಲೆಯ ಮಕ್ಕಳು ಕ್ಸೈಲೆಲ್ಲದ ಹೆಸರು ಹಾಕಿ ಓ.ಎಚ್.ಆರ್. ಹುಡುಕಿ, ತೆರೆಯ ಮೇಲೆ ಬೇಕಾದಂತೆ ತಿರುಗಿಸಿ ನೋಡಬಹುದು. ಎರಡು ಸರಪಣಿಗಳು ಸೇರುವ ಸಂದಿನಲ್ಲಿ 61ನೆಯ ಸಿಸ್ಟೀನನ್ನು ಗುರುತಿಸಿ. ಸುರಂಗದಲ್ಲಿ ಆ ಎಳೆ ಇನ್ನೂ ಮಲಗಿದೆ.